1954ರ ಮಾರಿಸ್ ಮೈನರ್: ಹಳೇ ಡ್ರಮ್ ಬ್ರೇಕನ್ನೇ ಸರಿ ಮಾಡಿಸಲಾ, ಮಾರುತಿ ಡಿಸ್ಕ್ ಹಾಕಿಸಲಾ?

ಒಂಟಿಕೊಪ್ಪಲ್_ಮೈನರ್
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ತಾತ ಓಡಿಸುತ್ತಿದ್ದ ಮಾರಿಸ್ ಮೈನರ್ ಇದೆ. 1954ರ ಸೀರೀಸ್ 2, 803 ಸಿಸಿ. ತಿರುವಿನಲ್ಲಿ ಕೈ ಚಾಚುವ ಹಳೇ ಇಂಡಿಕೇಟರ್ (ಟ್ರಾಫಿಕೇಟರ್) ಕೂಡ ಹಾಗೇ ಇದೆ. ಎಂಜಿನ್ ಚೆನ್ನಾಗಿದೆ, ಪೇಂಟ್ ಪರವಾಗಿಲ್ಲ. ತಲೆನೋವೆಲ್ಲ ಬ್ರೇಕಿನದು. ನಾಲ್ಕೂ ಚಕ್ರಕ್ಕೆ ಡ್ರಮ್, ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿಯ ಒಳಗೋಡೆಗೆ ಶೂ ಒತ್ತಿ ನಿಲ್ಲಿಸುವ ಬ್ರೇಕ್.

ಮೊದಲ ಸಲ ಒತ್ತಿದರೆ ಪೆಡಲ್ ಮುಕ್ಕಾಲು ಭಾಗ ಕೆಳಗೆ ಹೋಗುತ್ತದೆ. ಬಿಟ್ಟು ಇನ್ನೊಮ್ಮೆ ಒತ್ತಿದರೆ ಮೇಲೆಯೇ ಹಿಡಿಯುತ್ತದೆ. ಸ್ವಲ್ಪ ವೇಗದಲ್ಲಿ ಬ್ರೇಕ್ ಹಾಕಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಆಯಿಲ್ ಆಗಾಗ ಕಡಿಮೆ ಆಗುತ್ತದೆ, ಆದರೆ ಗ್ಯಾರೇಜ್ ನೆಲದ ಮೇಲೆ ಒಂದು ಹನಿಯೂ ಇಲ್ಲ.

ನಮ್ಮ ಮೆಕ್ಯಾನಿಕ್ ಹೇಳುವುದು, "ಈ ಡ್ರಮ್ ಸಹವಾಸ ಬಿಡಿ ಸರ್. ಗುಜರಿಯಿಂದ ಮಾರುತಿ ಡಿಸ್ಕ್ ತಂದು ಮುಂದೆ ಹಾಕೋಣ, ಒಂದು ಬೂಸ್ಟರ್ ಕೂರಿಸೋಣ, ಬೆರಳಲ್ಲಿ ಒತ್ತಿದರೆ ನಿಲ್ಲುತ್ತೆ." ಡಿಸ್ಕ್ ಅಂದರೆ ತಿರುಗುವ ತಟ್ಟೆಯನ್ನು ಪ್ಯಾಡ್ ಎರಡೂ ಕಡೆಯಿಂದ ಹಿಡಿಯುವ ಬ್ರೇಕ್, ಬೂಸ್ಟರ್ ಅಂದರೆ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ. ಕೇಳಲು ಚೆನ್ನಾಗಿದೆ. ಮಳೆ ನಿಂತ ಮೇಲೆ ಮಡಿಕೇರಿಗೆ ಹೋಗಿ ಸಂಪಾಜೆ ಘಾಟಿ ಇಳಿದು ಸುಳ್ಯದವರೆಗೆ ಹೋಗುವ ಆಸೆ. ಮನೆಯವರೂ ಕೂರುತ್ತಾರೆ, ಹಾಗಾಗಿ ಸುಮ್ನೆ ಅಂದಾಜಿನ ಮೇಲೆ ಏನೂ ಮಾಡಿಸಲು ಮನಸ್ಸಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಗ್ರೀಸ್_ಗನ್
ನಾಲ್ಕೂ ಚಕ್ರ ಬಿಚ್ಚಿಸಿ ನೋಡಿ ಮೊದಲು. ಡಿಸ್ಕ್ ಮಾತು ಆಮೇಲೆ.

ಸ್ಪ್ಯಾನರ್_ಶಾಸ್ತ್ರಿ
ಗ್ರೀಸ್ ಗನ್ ಹೇಳಿದ್ದು ಸರಿ. ಪೆಡಲ್ ಕಾಲಿಗೆ ಏನು ಹೇಳುತ್ತದೆ ಅನ್ನುವುದನ್ನು ಗಮನಿಸಿ, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಎರಡನೇ ಸಲ ಒತ್ತಿದಾಗ ಮೇಲೆ ಬಂದು ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತರೆ ಶೂ ಮತ್ತು ಡ್ರಮ್ ನಡುವೆ ಗ್ಯಾಪ್ ಜಾಸ್ತಿಯಾಗಿದೆ, ಅಡ್ಜಸ್ಟ್ ಮಾಡಿದರೆ ಸಾಕು. ಮೇಲೆ ಬಂದರೂ ಮೆತ್ತಗೆ ಅನ್ನಿಸಿದರೆ ಪೈಪಿನಲ್ಲಿ ಗಾಳಿ ಇದೆ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗೆ ಜಾರುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ಒಳಗಿನ ರಬ್ಬರ್ ಕಪ್ ಹೋಗಿದೆ.

ಅಡ್ಜಸ್ಟ್ ಮಾಡುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ನಿಮ್ಮ ಗಾಡಿಯ ಮುಂದಿನ ಪ್ರತಿ ಚಕ್ರದಲ್ಲಿ ಎರಡು ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಶೂ ತಳ್ಳುವ ಭಾಗ), ಹಾಗಾಗಿ ಎರಡು ಅಡ್ಜಸ್ಟರ್. ಹಿಂದಿನ ಚಕ್ರಕ್ಕೆ ಒಂದೊಂದೇ. ಹೊಸ ಹುಡುಗರು ಮುಂದೆಯೂ ಒಂದನ್ನೇ ತಿರುಗಿಸಿ ಕೈ ತೊಳೆದುಕೊಳ್ಳುತ್ತಾರೆ. ಆಗ ಒಂದು ಶೂ ಹಿಡಿಯುತ್ತದೆ, ಇನ್ನೊಂದು ಸುಮ್ನೆ ಕೂತಿರುತ್ತದೆ. ಚಕ್ರ ಎತ್ತಿ, ಡ್ರಮ್ಮಿನ ತೂತಿನಿಂದ ಸ್ಕ್ರೂಡ್ರೈವರ್ ಹಾಕಿ, ಚಕ್ರ ಬಿಗಿಯಾಗುವವರೆಗೆ ತಿರುಗಿಸಿ, ಒಂದೇ ಒಂದು ಹಲ್ಲು ಹಿಂದೆ ಬಿಡಿ. ಎಲ್ಲ ಅಡ್ಜಸ್ಟರ್‌ಗೂ ಹೀಗೇ.

ಎಡಕ್ಕೆ ಎಳೆಯುತ್ತದೆ ಅಂದರೆ ಎಡಗಡೆ ಜಾಸ್ತಿ ಹಿಡಿಯುತ್ತಿದೆ ಅಂತಲೇ ಅಲ್ಲ. ಬಹಳ ಸಲ ಬಲಗಡೆ ಕೆಲಸವನ್ನೇ ಮಾಡುತ್ತಿರುವುದಿಲ್ಲ. ಬಲ ಮುಂಚಕ್ರದಿಂದ ಶುರು ಮಾಡಿ.

ಹೈವೇ_ಹುಡುಗ
ಎಲ್ಲರೂ ಡ್ರಮ್ ಪುರಾಣ ಓದುತ್ತಿದ್ದೀರಲ್ಲ. ಮೈಸೂರು ರಸ್ತೆಯಲ್ಲಿ ಮುಂದಿರುವ ಗಾಡಿಗೆ ಎಬಿಎಸ್ ಇದೆ, ನಾಲ್ಕೂ ಕಡೆ ಡಿಸ್ಕ್ ಇದೆ. ಅವನು ಗಕ್ಕನೆ ನಿಂತರೆ ಈ 7 ಇಂಚಿನ ಡ್ರಮ್ ಇಟ್ಟುಕೊಂಡು ಏನು ಮಾಡುತ್ತೀರಿ? ದೇವರ ಹೆಸರು ಹೇಳುತ್ತೀರಾ? ಡಿಸ್ಕ್ ಹಾಕಿಸಿ ಗುರು. ಜೀವಕ್ಕಿಂತ ಒರಿಜಿನಲ್ ದೊಡ್ಡದಲ್ಲ.

ಗ್ರೀಸ್_ಗನ್
@ಹೈವೇ_ಹುಡುಗ ಅಂತರ ಬಿಟ್ಟು ಓಡಿಸುವುದು ಅಂತ ಒಂದಿದೆ. ಅದಕ್ಕೆ ಗುಜರಿಗೆ ಹೋಗಬೇಕಾಗಿಲ್ಲ.

ಪದ್ಮಿನಿ_ಪ್ರಿಯೆ
ನನ್ನ ಪ್ರೀಮಿಯರ್ ಪದ್ಮಿನಿ ಕಥೆ ಕೇಳಿ. ಅದಕ್ಕೂ ನಾಲ್ಕೂ ಕಡೆ ಡ್ರಮ್. ಒಂದು ಗ್ಯಾರೇಜಿನವರು ಮುಂದೆ ಡಿಸ್ಕ್ ಕೂರಿಸಿ ಕೊಟ್ಟರು. ಮನೆಗೆ ಬರುವಷ್ಟರಲ್ಲಿ ಚಕ್ರ ಮುಟ್ಟಲಾಗದಷ್ಟು ಬಿಸಿ. ಮತ್ತೆ ಒಯ್ದರೆ "ಹೊಸದು, ಸೆಟ್ ಆಗುತ್ತೆ ಮೇಡಂ" ಅಂದರು. ಸೆಟ್ ಆಗಲಿಲ್ಲ, ಪ್ಯಾಡ್ ಸುಟ್ಟ ವಾಸನೆ ಬರತೊಡಗಿತು.

ಕಾರಣ ಕಂಡುಹಿಡಿದದ್ದು ಬೇರೆಯವರು. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಚಿಕ್ಕ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಯುವ ಹಾಗೆ ಅದು ನೋಡಿಕೊಳ್ಳುತ್ತದೆ. ವೀಲ್ ಸಿಲಿಂಡರಿನ ಕಪ್ ಅಂಚು ಗೋಡೆಗೆ ಅಂಟಿಕೊಂಡಿರಲಿ, ಗಾಳಿ ಒಳಗೆ ಹೋಗದಿರಲಿ ಅಂತ. ಡ್ರಮ್ಮಿನಲ್ಲಿ ಶೂ ಹಿಂದೆ ಎಳೆಯಲು ಗಟ್ಟಿ ಸ್ಪ್ರಿಂಗ್ ಇದೆ, ಏನೂ ತೊಂದರೆ ಇಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಉಳಿದ ಒತ್ತಡಕ್ಕೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ.

ಇನ್ನೊಂದು. ಡ್ರಮ್ ಬ್ರೇಕಿನ ಮುಂಶೂವನ್ನು ತಿರುಗುವ ಡ್ರಮ್ಮೇ ತನ್ನ ಕಡೆಗೆ ಎಳೆದುಕೊಂಡು ಸಹಾಯ ಮಾಡುತ್ತದೆ. ಡಿಸ್ಕಿಗೆ ಆ ಸಹಾಯ ಇಲ್ಲ, ಎಲ್ಲ ನಿಮ್ಮ ಕಾಲೇ ಒತ್ತಬೇಕು. ಅದಕ್ಕೇ ಬೂಸ್ಟರ್ ಬೇಕಾಗುವುದು. ಡಿಸ್ಕ್ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಕುವವನು ಮಾಸ್ಟರ್ ಸಿಲಿಂಡರಿನ ಬೋರ್ (ಒಳವ್ಯಾಸ), ವಾಲ್ವ್, ಹಿಂದುಮುಂದಿನ ಬ್ಯಾಲೆನ್ಸ್ ಇವನ್ನು ಲೆಕ್ಕ ಹಾಕಬೇಕು. "ಬೆರಳಲ್ಲಿ ಒತ್ತಿದರೆ ನಿಲ್ಲುತ್ತೆ" ಅನ್ನುವವನು ಲೆಕ್ಕ ಹಾಕಿರುವುದು ಅನುಮಾನ.

ಹೈವೇ_ಹುಡುಗ
ಸರಿಯಾಗಿ ಮಾಡದ ಗ್ಯಾರೇಜಿನ ತಪ್ಪು ಡಿಸ್ಕಿನ ತಪ್ಪು ಹೇಗಾಗುತ್ತದೆ ಮೇಡಂ?

ಪದ್ಮಿನಿ_ಪ್ರಿಯೆ
ಆಗುವುದಿಲ್ಲ. ಸರಿಯಾಗಿ ಮಾಡುವವರನ್ನು ತೋರಿಸಿ, ನಾನೇ ಮೊದಲು ಹೋಗುತ್ತೇನೆ.

ಕೌಲಿ_ಕನ್ನಡಿಗ
ಆಕ್ಸ್‌ಫರ್ಡ್ ಹತ್ತಿರ ಇದ್ದೇನೆ. ಮೈನರ್ ಹುಟ್ಟಿದ ಕೌಲಿ ಕಾರ್ಖಾನೆ ಪಕ್ಕದ ಊರು. ಇಲ್ಲಿ ಮೈನರಿಗೆ ಡಿಸ್ಕ್ ಹಾಕುವುದು ಹೊಸದೇನಲ್ಲ, ತಯಾರಾದ ಕಿಟ್ಟೇ ಸಿಗುತ್ತದೆ. ಆದರೆ ಅದಕ್ಕೊಂದು ದಾರಿ ಇದೆ.

1962ರಲ್ಲಿ 1098 ಸಿಸಿ ಎಂಜಿನ್ ಬಂದಾಗ ಕಂಪನಿಯೇ ಮುಂದಿನ ಡ್ರಮ್ಮನ್ನು 7ರಿಂದ 8 ಇಂಚಿಗೆ ಏರಿಸಿತು. ಅದನ್ನು ಹಳೇ ಗಾಡಿಗೆ ಹಾಕುವುದು ತುಂಬಾ ಜನ ಮಾಡುವ ಕೆಲಸ. ಅದಕ್ಕೂ ದೊಡ್ಡದು ಬೇಕೆಂದವರು ವೂಲ್ಸ್‌ಲಿ 1500ರ ಡ್ರಮ್ ಹುಡುಕುತ್ತಾರೆ. ಡಿಸ್ಕ್ ಬೇಕೆಂದವರು ಮಾರಿಸ್ ಮರೀನಾದ್ದು ಹಾಕುತ್ತಾರೆ. ಯಾಕೆಂದರೆ 1971ರಲ್ಲಿ ಬಂದ ಮರೀನಾದ ಮುಂದಿನ ಸಸ್ಪೆನ್ಶನ್ ಮೈನರಿನ ವಂಶದ್ದೇ. ಮಾರುತಿಯದಕ್ಕೂ ಮೈನರಿಗೂ ಸಂಬಂಧವೇ ಇಲ್ಲ. ಅಡಾಪ್ಟರ್ ಕಡಿದು, ವೆಲ್ಡ್ ಮಾಡಿ ಕೂರಿಸಬೇಕು. ಬ್ರೇಕ್ ಒತ್ತಿದಾಗ ಇಡೀ ಭಾರ ಬೀಳುವ ಜಾಗದಲ್ಲಿ ವೆಲ್ಡಿಂಗ್! ನಾನಂತೂ ಕೂರುವುದಿಲ್ಲ.

ಬ್ರೇಕಿಗಿಂತ ಮೊದಲು ಟ್ರನಿಯನ್ ನೋಡಿ. ಮುಂಚಕ್ರದ ಕೆಳಗೆ, ಸ್ವಿವೆಲ್ ಪಿನ್ ಥ್ರೆಡ್‌ನಲ್ಲಿ ತಿರುಗಿಕೊಂಡು ಕೂತಿರುವ ಭಾಗ ಅದು. ಗ್ರೀಸ್ ಕಾಣದೆ ಥ್ರೆಡ್ ಸವೆದರೆ ಪಿನ್ ಕಳಚಿ ಮುಂಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಗಾಡಿ ಮೂಗಿನ ಮೇಲೆ ಬೀಳುತ್ತದೆ. ಮೈನರ್ ಓಡಿಸುವವರೆಲ್ಲರಿಗೂ ಗೊತ್ತಿರುವ ರೋಗ. ಸವೆದ ಟ್ರನಿಯನ್ ಮೇಲೆ ದೊಡ್ಡ ಬ್ರೇಕ್ ಹಾಕಿದರೆ ಕಥೆ ಬೇಗ ಮುಗಿಯುತ್ತದೆ.

ಒಂಟಿಕೊಪ್ಪಲ್_ಮೈನರ್
@ಕೌಲಿ_ಕನ್ನಡಿಗ ಟ್ರನಿಯನ್ ಹೆಸರು ಇವತ್ತೇ ಕೇಳಿದ್ದು ಸರ್. ನಾಳೆಯೇ ಜಾಕ್ ಹಾಕಿ ಅಲುಗಾಡಿಸಿ ನೋಡುತ್ತೇನೆ.

ಗ್ರೀಸ್_ಗನ್
ನನ್ನ ಹೆಸರಿಗೊಂದು ಬೆಲೆ ಬಂತು ಇವತ್ತು.

ಟ್ರಾಫಿಕೇಟರ್_ತಮ್ಮಯ್ಯ
ಕೈ ಚಾಚುವ ಇಂಡಿಕೇಟರ್ ಎರಡೂ ಕೆಲಸ ಮಾಡುತ್ತಿದೆಯಾ? ನಮ್ಮದು ಎಡಗಡೆಯದು ಅರ್ಧಕ್ಕೇ ನಿಲ್ಲುತ್ತದೆ. ಫೋಟೋ ಹಾಕಿ ದಯವಿಟ್ಟು.

ಒಂಟಿಕೊಪ್ಪಲ್_ಮೈನರ್
ಎರಡೂ ಏಳುತ್ತವೆ ಸರ್. ಆದರೆ ಈಗಿನ ಬೈಕ್ ಹುಡುಗರಿಗೆ ಅದೇನು ಅಂತಲೇ ಗೊತ್ತಾಗುವುದಿಲ್ಲ. ಒಬ್ಬ ಸಿಗ್ನಲ್ಲಿನಲ್ಲಿ ಅದನ್ನು ತಳ್ಳಿ ಮುಚ್ಚಿ ಹೋದ.

ಲೇತ್_ಹುಬ್ಬಳ್ಳಿ
ಡ್ರಮ್ ವಿಷಯಕ್ಕೆ ಬರ್ರಿ. ಡಿಸ್ಕ್ ಬೇಕೇ ಬೇಡವೇ ಅಂತ ಜಗಳ ಆಡೋ ಮೊದಲು ಇರೋ ಡ್ರಮ್ಮನ್ನು ಸರಿ ಮಾಡಿಸಿದವರು ಎಷ್ಟು ಜನ ಇದ್ದೀರಿ?

ನಮ್ಮ ಲೇತಿಗೆ ಬರುವ ಹಳೇ ಡ್ರಮ್ಮುಗಳಲ್ಲಿ ಬಹಳಷ್ಟು ಗುಂಡಗೇ ಇರುವುದಿಲ್ಲ. ನಿಂತಲ್ಲೇ ನಿಂತು ತುಕ್ಕು ಹಿಡಿದು ಅಂಡಾಕಾರ ಆಗಿರುತ್ತವೆ. ಒತ್ತಿದಾಗ ಪೆಡಲ್ ಕಾಲಿಗೆ ಬಡಿದ ಹಾಗೆ ಅನ್ನಿಸಿದರೆ ಅದೇ. ಲೇತಿನಲ್ಲಿ ತೆಳುವಾಗಿ ಒಂದು ಕಟ್ ತೆಗೆದರೆ ಸಾಕು. ಆಸೆಪಟ್ಟು ಜಾಸ್ತಿ ತೆಗೆಸಬೇಡಿ. ಡ್ರಮ್ ತೆಳುವಾದರೆ ಬಿಸಿ ತಡೆಯದು, ಬಿರುಕು ಬಿಡುತ್ತದೆ. ಎಡಬಲ ಎರಡೂ ಒಂದೇ ಅಳತೆ ಇರಲಿ.

ಡ್ರಮ್ ದೊಡ್ಡದಾದ ಮೇಲೆ ಹಳೇ ಅಳತೆಯ ಲೈನರ್ (ಶೂ ಮೇಲಿನ ಉಜ್ಜುವ ಪದರ) ಹಾಕಿದರೆ ನಡುವೆ ಮಾತ್ರ ತಾಗುತ್ತದೆ, ತುದಿ ತಾಗುವುದಿಲ್ಲ. "ಹೊಸ ಲೈನರ್ ಹಾಕಿಸಿದೆ, ಬ್ರೇಕೇ ಇಲ್ಲ" ಅಂತ ಬರುವವರದು ಇದೇ ಗೋಳು. ಶೂ ಕೂಡ ಲೇತಿಗೆ ಕೊಡಿ, ಡ್ರಮ್ಮಿನ ಅಳತೆಗೆ ಲೈನರ್ ಮೇಲ್ಮೈ ತಿರುವಿಸಿ.

ವೀಲ್ ಸಿಲಿಂಡರ್ ಒಳಗೆ ಗುಳಿ ಬಿದ್ದಿದ್ದರೆ ಹೊಸ ಕಪ್ ಹಾಕಿ ಉಪಯೋಗವಿಲ್ಲ, ಸ್ವಲ್ಪ ದಿನದಲ್ಲಿ ಕೊಯ್ದು ಹಾಕುತ್ತದೆ. ಬೋರ್ ಮಾಡಿ ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಸ್ಲೀವ್ ಹಾಕಿಸಿ ಮೂಲ ಅಳತೆಗೆ ತನ್ನಿ. ಅಂಗಡಿಯವನು "ಅಂಬಾಸಿಡರ್ ಕಪ್ಪೇ ಇದಕ್ಕೂ ಆಗುತ್ತೆ" ಅಂದರೆ ತಲೆ ಆಡಿಸಿಕೊಂಡು ಬರಬೇಡಿ. ವರ್ನಿಯರ್ ಹಿಡಿದು ಬೋರ್ ಅಳೆದು ತನ್ನಿ.

ಮರೆತಿದ್ದೆ. ಹಳೇ ಲೈನರ್ ಪುಡಿಯನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿಸಬೇಡಿ. ಆ ಕಾಲದ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಬಿಳಿ_ಬಾನೆಟ್
ಎಲ್ಲ ಬಿಚ್ಚುತ್ತಿದ್ದೀರಿ ಅಂದರೆ ಡಾಟ್ 5 (ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ) ಸಿಲಿಕೋನ್ ಆಯಿಲ್ ಹಾಕಿ. ನೀರು ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ. ವರ್ಷವಿಡೀ ನಿಲ್ಲಿಸಿಡುವ ಗಾಡಿಗೆ ಅದೇ ಬೆಸ್ಟ್.

ಸ್ಪ್ಯಾನರ್_ಶಾಸ್ತ್ರಿ
ಒಪ್ಪುವುದಿಲ್ಲ. ಸಿಲಿಕೋನ್ ನೀರು ಹೀರುವುದಿಲ್ಲ, ನಿಜ. ಆದರೆ ನೀರು ಒಳಗೆ ಬರುವುದು ನಿಲ್ಲುವುದಿಲ್ಲವಲ್ಲ. ಅದು ಬೇರೆಯಾಗಿಯೇ ಉಳಿದು ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಕೂರುತ್ತದೆ. ತಗ್ಗಿನ ಜಾಗ ಯಾವುದು? ವೀಲ್ ಸಿಲಿಂಡರ್. ಅಲ್ಲೇ ತುಕ್ಕು. ಪೆಡಲ್ ಕೂಡ ಸ್ವಲ್ಪ ಮೆತ್ತಗಾಗುತ್ತದೆ, ಯಾಕೆಂದರೆ ಸಿಲಿಕೋನಿನಲ್ಲಿ ಸಣ್ಣ ಗುಳ್ಳೆ ಸುಲಭವಾಗಿ ಉಳಿದುಕೊಳ್ಳುತ್ತದೆ.

ಮೈನರಿಗೆ ವಿಶೇಷವಾಗಿ ಇನ್ನೊಂದು ತೊಂದರೆ. ಇದರ ಸ್ಟಾಪ್ ಲೈಟ್ ಸ್ವಿಚ್ ಪೆಡಲಿನಲ್ಲಿಲ್ಲ, ಬ್ರೇಕ್ ಪೈಪಿನಲ್ಲೇ ಇದೆ, ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಸಿಲಿಕೋನ್ ಹಾಕಿದ ಗಾಡಿಗಳಲ್ಲಿ ಈ ಸ್ವಿಚ್ ಬೇಗ ಕೈಕೊಡುತ್ತದೆ ಅನ್ನುವುದು ಹಳೇ ದೂರು.

ಬಿಳಿ_ಬಾನೆಟ್
ನನ್ನ ಗಾಡಿಯಲ್ಲಿ ಏನೂ ತೊಂದರೆ ಇಲ್ಲ. ಎಲ್ಲ ಸೀಲ್ ಹೊಸದು ಹಾಕಿ, ಪೈಪ್ ಪೂರ್ತಿ ಒಣಗಿಸಿ ಸಿಲಿಕೋನ್ ಹಾಕಿದವರು ಯಾರೂ ದೂರುವುದಿಲ್ಲ. ಹಳೇ ಆಯಿಲ್ ಮೇಲೆಯೇ ಸುರಿದವರದ್ದೇ ಗಲಾಟೆ. ಎರಡೂ ಒಂದಕ್ಕೊಂದು ಬೆರೆಯುವುದೇ ಇಲ್ಲ, ಇನ್ನೇನಾಗುತ್ತದೆ?

ಸ್ಪ್ಯಾನರ್_ಶಾಸ್ತ್ರಿ
ನಾಳೆ ಮಡಿಕೇರಿ ದಾರಿಯಲ್ಲಿ ಆಯಿಲ್ ಕಡಿಮೆಯಾದರೆ ಅಂಗಡಿಯಲ್ಲಿ ಸಿಗುವುದು ಡಾಟ್ 3 ಅಥವಾ ಡಾಟ್ 4. ಅಲ್ಲಿ ಏನು ಮಾಡುತ್ತಾರೆ? ಒಳ್ಳೇ ಡಾಟ್ 4 ಹಾಕಿ, ಎರಡು ವರ್ಷದೊಳಗೆ ಪೂರ್ತಿ ಬದಲಿಸಿ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿಕೊಂಡ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಇದ್ದದ್ದು 140ಕ್ಕೆ. ಘಾಟಿ ಇಳಿಯುವಾಗ ಈ ಲೆಕ್ಕ ನೆನಪಿರಲಿ. ಕುದ್ದರೆ ಪೈಪಿನಲ್ಲಿ ಆವಿ, ಆವಿ ಅಂದರೆ ಪೆಡಲ್ ನೆಲಕ್ಕೆ.

ಎಂಜಿನ್ ಆಯಿಲ್, ಡೀಸೆಲ್, ಸಾಮಾನ್ಯ ಗ್ರೀಸ್ ಯಾವುದೂ ಬ್ರೇಕ್ ರಬ್ಬರಿಗೆ ತಾಗಬಾರದು. ಉಬ್ಬಿ ಅಂಟಂಟಾಗುತ್ತದೆ. ತೊಳೆಯಲು ಬ್ರೇಕ್ ಆಯಿಲ್ ಅಥವಾ ಸ್ಪಿರಿಟ್ ಸಾಕು.

ಘಟ್ಟದ_ಗೌಡ
ಸಂಪಾಜೆ ಅಂದಿದ್ದಕ್ಕೆ ಬಂದೆ. ನಾನು ಚಾರ್ಮಾಡಿ, ಆಗುಂಬೆ, ಶಿರಾಡಿ ಎಲ್ಲ ಹಳೇ ಗಾಡಿಯಲ್ಲೇ ಇಳಿದವನು. ಆಗುಂಬೆಯ 14 ತಿರುವುಗಳಲ್ಲಿ ಕಾಲು ಬ್ರೇಕ್ ಮೇಲೆಯೇ ಇಟ್ಟುಕೊಂಡು ಬರುವವರನ್ನು ನೋಡಿದ್ದೇನೆ. ಕೆಳಗೆ ಸೋಮೇಶ್ವರ ಬರುವಷ್ಟರಲ್ಲಿ ಚಕ್ರದಿಂದ ಹೊಗೆ.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. 803 ಸಿಸಿ ಎಂಜಿನ್ನಿಗೆ ಘಾಟಿಯಲ್ಲಿ ಎರಡನೇ ಗೇರ್. ಬ್ರೇಕ್ ಒತ್ತಿದರೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಡ್ರಮ್ಮಿಗೆ ಉಸಿರಾಡಲು ಸಮಯ ಬೇಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರ ಜೊತೆ ನಾನು ಮಾತೇ ಆಡುವುದಿಲ್ಲ.

ಬೂಸ್ಟರ್ ಹಾಕಿಸಿದರೂ ಇದೇ. ಬೂಸ್ಟರ್ ಕಾಲಿನ ಶ್ರಮ ಕಡಿಮೆ ಮಾಡುತ್ತದೆ, ಡ್ರಮ್ ಬಿಸಿ ತಡೆಯುವ ಶಕ್ತಿ ಏನೂ ಏರುವುದಿಲ್ಲ. ಎಂಜಿನ್ ಆಫ್ ಆದರೆ ಒಂದೆರಡು ಸಲ ಒತ್ತುವಷ್ಟು ಮಾತ್ರ ಸಹಾಯ, ಆಮೇಲೆ ಪೆಡಲ್ ಕಲ್ಲು.

ಹಾಗೇ ಏರಿನಲ್ಲಿ ನಿಂತು ಹಿಂದಕ್ಕೆ ಬರಬೇಕಾದರೆ ಹುಷಾರು. ಈ ಗಾಡಿಯ ಮುಂದಿನ ಎರಡೂ ಶೂ ಮುಂದೆ ಹೋಗುವಾಗ ಮಾತ್ರ ಚೆನ್ನಾಗಿ ಕಚ್ಚುತ್ತವೆ. ಹಿಂದೆ ಬರುವಾಗ ಹಿಡಿತ ಕಡಿಮೆ. ಹ್ಯಾಂಡ್‌ಬ್ರೇಕ್ ಸರಿ ಇರಲೇಬೇಕು.

ಹೈವೇ_ಹುಡುಗ
ಇಷ್ಟೆಲ್ಲ ನಿಯಮ ನೆನಪಿಟ್ಟುಕೊಂಡು ಓಡಿಸುವ ಬದಲು ಡಿಸ್ಕ್ ಹಾಕಿಸಬಾರದಾ ಅಂತ ನಾನು ಕೇಳಿದ್ದು.

ಘಟ್ಟದ_ಗೌಡ
ಡಿಸ್ಕ್ ಇದ್ದರೂ ಇದೇ ನಿಯಮ ತಮ್ಮಾ. ಘಾಟಿ ಕೆಳಗೆ ಹೊಗೆ ಬಿಡುತ್ತಾ ನಿಂತಿರುವ ಹೊಸ ಗಾಡಿಗಳನ್ನು ಒಮ್ಮೆ ನೋಡಿ ಬಾ.

ಆರ್‌ಟಿಒ_ರಾಯರು
ಕಾಗದದ ವಿಷಯ ಯಾರೂ ಎತ್ತಲಿಲ್ಲ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ಬಂತು. ಶುಲ್ಕ 20,000 ರೂಪಾಯಿ, 10 ವರ್ಷ ಚಾಲ್ತಿ, ನವೀಕರಣಕ್ಕೆ 5,000. ಈಗಾಗಲೇ ನೋಂದಣಿ ಇರುವ ಗಾಡಿ ಹಳೇ ನಂಬರ್ ಉಳಿಸಿಕೊಳ್ಳಬಹುದು. ಆದರೆ ಷಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮತ್ತೆ ಆ ನೋಂದಣಿ ಮಾಡಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್, ರಿಪೇರಿ, ಇಷ್ಟಕ್ಕೆ ಮಾತ್ರ.

ಹೈವೇ_ಹುಡುಗ
ಆ ಪಟ್ಟಿಯಲ್ಲಿ ಬ್ರೇಕ್ ಇಲ್ಲವಲ್ಲ ಸರ್?

ಆರ್‌ಟಿಒ_ರಾಯರು
ಬ್ರೇಕ್ ಪದ ಇಲ್ಲ. ಆದರೆ ಬೂಸ್ಟರ್ ಕೂರಿಸಲು ಬಾಡಿ ಕೊರೆದರೆ, ಪೆಡಲ್ ಜಾಗ ಬದಲಿಸಲು ನೆಲ ಕತ್ತರಿಸಿದರೆ? ಆ ವಾದವನ್ನು ನೀವು ಕೌಂಟರಿನಲ್ಲಿ ನಿಂತು ಮಾಡಬೇಕಾಗುತ್ತದೆ. ಸಿಂಪಲ್ ಆಗಿ ಹೇಳುತ್ತೇನೆ: ಬೋಲ್ಟ್ ಬಿಚ್ಚಿ ಹಳೆಯದನ್ನು ಮತ್ತೆ ಹಾಕಬಹುದಾದ ಬದಲಾವಣೆ ಮಾತ್ರ ಮಾಡಿ.

ಪದ್ಮಿನಿ_ಪ್ರಿಯೆ
ಶ್ರೀರಂಗಪಟ್ಟಣದ ಹಳೇ ಕಾರುಗಳ ಪಯಣ ಮ್ಯೂಸಿಯಂ ನೋಡಿದ್ದೀರಾ ಯಾರಾದರೂ? ಹೊಸ ಬ್ರೇಕ್ ಪರೀಕ್ಷೆ ಮಾಡಲು ಮೈಸೂರಿನಿಂದ ಅಲ್ಲಿಗೆ ಹೋಗಿ ಬರುವುದು ಸರಿಯಾದ ದೂರ. ನೇರ ಮಡಿಕೇರಿಗೆ ಹೋಗಬೇಡಿ.

ಒಂಟಿಕೊಪ್ಪಲ್_ಮೈನರ್
ಬಿಚ್ಚಿ ನೋಡಿದೆವು. ಸುದ್ದಿ ಹೀಗಿದೆ.

ಶಾಸ್ತ್ರಿಗಳು ಹೇಳಿದ ಹಾಗೆ ಬಲ ಮುಂಚಕ್ರದಲ್ಲಿ ಒಂದು ಸಿಲಿಂಡರ್ ಪೂರ್ತಿ ಜಾಮ್. ಪಿಸ್ಟನ್ ಅಲುಗಾಡುವುದೇ ಇಲ್ಲ. ಹಿಂದಿನ ಎಡ ಚಕ್ರದ ಸಿಲಿಂಡರ್ ಸೋರುತ್ತಿದೆ, ಆಯಿಲ್ ಎಲ್ಲ ಡ್ರಮ್ ಒಳಗೇ ಲೈನರ್ ಕುಡಿದಿದೆ. ಅದಕ್ಕೇ ನೆಲದ ಮೇಲೆ ಹನಿ ಇರಲಿಲ್ಲ. ಮೂರೂ ಹೋಸ್ (ಬಗ್ಗುವ ರಬ್ಬರ್ ಪೈಪ್) ಹೊರಗೆ ಚೆನ್ನಾಗಿ ಕಾಣುತ್ತವೆ, ಬಗ್ಗಿಸಿದರೆ ಬಿರುಕು. ಟ್ರನಿಯನ್ ಬಲಗಡೆ ಸ್ವಲ್ಪ ಆಟ ಇದೆ, ಎಡ ಪರವಾಗಿಲ್ಲ.

ಡಿಸ್ಕ್ ಯೋಚನೆ ಬಿಟ್ಟೆ. ಮೆಕ್ಯಾನಿಕ್ ಮುಖ ಸಣ್ಣಗಾಯಿತು. ಈಗ ಎರಡು ಪ್ರಶ್ನೆ. ಪೈಪಿಗೆ ಎಸಿ ಅಂಗಡಿಯ ತಾಮ್ರದ ಪೈಪ್ ಹಾಕೋಣ ಅನ್ನುತ್ತಿದ್ದಾರೆ, ಆಗುತ್ತದಾ? ಮತ್ತೆ ಮಾಸ್ಟರ್ ಸಿಲಿಂಡರ್ ಹೊರಗೆ ತೆಗೆಯಲು ಹೋದರೆ ಬೋಲ್ಟ್ ಮುಂಚಕ್ರದ ಸ್ಪ್ರಿಂಗ್ ಆಗಿರುವ ಸರಳಿಗೆ, ಅಂದರೆ ಟಾರ್ಷನ್ ಬಾರ್‌ಗೆ ತಾಗುತ್ತದೆ, ಬರುವುದೇ ಇಲ್ಲ.

ಲೇತ್_ಹುಬ್ಬಳ್ಳಿ
ಎಸಿ ತಾಮ್ರ ಬೇಡವೇ ಬೇಡ. ಅಲುಗಾಡಿ ಅಲುಗಾಡಿ ಗಡುಸಾಗಿ ಬಿರುಕು ಬಿಡುತ್ತದೆ. ಬ್ರೇಕಿಗೆಂದೇ ಬರುವ 3/16 ಇಂಚಿನ ಸ್ಟೀಲ್ ಪೈಪ್ ಹಾಕಿ, ಸಿಕ್ಕರೆ ತಾಮ್ರ-ನಿಕಲ್ ಮಿಶ್ರದ್ದು. ತುದಿ ಅರಳಿಸಿ ಫ್ಲೇರ್ ಮಾಡುವವನ ಕೈ ಚೆನ್ನಾಗಿರಲಿ. ಹಳೇ ಇಂಗ್ಲಿಷ್ ಗಾಡಿಗೆ ಇಂಚು ಥ್ರೆಡ್. ಅಂಗಡಿಯ ಮೆಟ್ರಿಕ್ ಎಂ10 ನಟ್ಟನ್ನು 3/8 ತೂತಿಗೆ ಬಲವಂತದಿಂದ ತಿರುಗಿಸಬೇಡಿ. ಹಿಡಿದ ಹಾಗೆ ಕಾಣುತ್ತದೆ, ಒಂದು ದಿನ ಕಿತ್ತು ಬರುತ್ತದೆ.

ಕೌಲಿ_ಕನ್ನಡಿಗ
ಬೋಲ್ಟ್ ಸಮಸ್ಯೆ ಎಲ್ಲ ಮೈನರಿನದು. ಮಾಸ್ಟರ್ ಸಿಲಿಂಡರನ್ನು ಡ್ರೈವರ್ ಕಾಲಡಿಯ ಷಾಸಿ ಒಳಗೆ ಇಟ್ಟ ಪುಣ್ಯಾತ್ಮರಿಗೆ ಇಲ್ಲಿಯವರೂ ಬೈಯುತ್ತಾರೆ. ಒಂದೋ ಟಾರ್ಷನ್ ಬಾರ್ ಸಡಿಲಿಸಿ ಪಕ್ಕಕ್ಕೆ ಸರಿಸಬೇಕು, ಇಲ್ಲವೇ ಬೋಲ್ಟ್ ಕತ್ತರಿಸಬೇಕು. ಮತ್ತೆ ಹಾಕುವಾಗ ಬೋಲ್ಟನ್ನು ಉಲ್ಟಾ ಹಾಕಿ, ಮುಂದಿನ ಸಲ ಬಾರ್ ಮುಟ್ಟದೆ ತೆಗೆಯಬಹುದು. ಟಾರ್ಷನ್ ಬಾರ್ ಬಿಚ್ಚುವುದೇ ಆದರೆ ತಿಳಿದವರು ಜೊತೆಗಿರಲಿ, ಅದರಲ್ಲಿ ಇಡೀ ಮುಂಭಾಗದ ಭಾರ ತಿರುಚಿಕೊಂಡಿರುತ್ತದೆ.

ಹೇಗೂ ಹೊರಗೆ ತೆಗೆಯುತ್ತಿದ್ದೀರಿ, ಆಯಿಲ್ ತುಂಬುವ ಡಬ್ಬಿಯನ್ನು ಬಾನೆಟ್ ಕೆಳಗೆ ತರುವ ಪೈಪ್ ಹಾಕಿಸಿ. ಇಲ್ಲದಿದ್ದರೆ ಪ್ರತಿ ಸಲ ಕಾರ್ಪೆಟ್ ಎತ್ತಿ, ಮುಚ್ಚಳ ಬಿಚ್ಚಿ, ಧೂಳು ಒಳಗೆ ಬೀಳದ ಹಾಗೆ ನೋಡಬೇಕು. ಅದಕ್ಕೇ ಯಾರೂ ಆಯಿಲ್ ಮಟ್ಟ ನೋಡುವುದೇ ಇಲ್ಲ.

ಒಂದು ಮಾತು ಡಿಸ್ಕ್ ಪಕ್ಷದವರ ಪರವಾಗಿ. ಈ ಗಾಡಿಯ ನಿಜವಾದ ಅಪಾಯ ಡ್ರಮ್ ಅಲ್ಲ, ಒಂದೇ ಸರ್ಕ್ಯೂಟ್. ಎಲ್ಲಿ ಒಂದು ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರಿಗೆ ಮಾಡಿ.

ಹೈವೇ_ಹುಡುಗ
ಕೊನೆಗೂ ಒಬ್ಬರು! ಇದನ್ನು ಒಪ್ಪುತ್ತೇನೆ.

ಸ್ಪ್ಯಾನರ್_ಶಾಸ್ತ್ರಿ
ನಾನೂ. ಆದರೆ ಈ ಸಲ ಎಲ್ಲ ಹೊಸ ಪೈಪ್, ಹೊಸ ಹೋಸ್ ಹಾಕಿ ಓಡಿಸಿ ನೋಡಲಿ. ಗಾಳಿ ತೆಗೆಯುವಾಗ ಮಾಸ್ಟರಿನಿಂದ ದೂರದ ಚಕ್ರದಿಂದ ಬನ್ನಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಹೊರಬಂದ ಆಯಿಲನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ. ಪೆಡಲಿನಿಂದ ಮಾಸ್ಟರ್ ಪಿಸ್ಟನ್ ತಳ್ಳುವ ಪುಷ್‌ರಾಡಿಗೆ ಸ್ವಲ್ಪ ಆಟ ಬಿಡಿ. ಆಟ ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ಹಿಂದಿರುಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಬಿಸಿಯಾದ ಆಯಿಲ್ ಹಿಂದೆ ಬರಲಾಗದೆ ದಾರಿಯಲ್ಲಿ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ.

ಒಂಟಿಕೊಪ್ಪಲ್_ಮೈನರ್
ಸರಿ ಸರ್. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೋಸ್ ಹುಡುಕುತ್ತೇನೆ. ಟ್ರನಿಯನ್ ಮತ್ತು ಕಪ್ ಕಿಟ್ಟನ್ನು ಅಲ್ಲಿಂದ ತರಿಸಲು @ಕೌಲಿ_ಕನ್ನಡಿಗ ಅವರಿಗೆ ಪ್ರತ್ಯೇಕವಾಗಿ ಬರೆಯುತ್ತೇನೆ.

ಕೌಲಿ_ಕನ್ನಡಿಗ
ಬರೆಯಿರಿ. ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ, ಪೆಟ್ಟಿಗೆಯಲ್ಲಿ ಜಾಗ ಇದೆ. ಆರ್ಡರ್ ಮಾಡುವ ಮೊದಲು ಸಿಲಿಂಡರ್ ಬೋರ್ ಅಳತೆ ಕಳಿಸಿ, ಫೋಟೋ ಸಮೇತ.

ಟ್ರಾಫಿಕೇಟರ್_ತಮ್ಮಯ್ಯ
ಪೆಟ್ಟಿಗೆಯಲ್ಲಿ ಜಾಗ ಇದ್ದರೆ ನನ್ನದೂ ಒಂದು ಎಡಗಡೆಯ ಟ್ರಾಫಿಕೇಟರ್ ಸರ್…

ಹಳೇ_ಲ್ಯಾಂಡ್‌ಮಾಸ್ಟರ್
ಎಲ್ಲ ಓದಿದೆ, ತುಂಬಾ ಉಪಯೋಗ ಆಯಿತು. ನಮ್ಮ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರಿನಲ್ಲಿ ಬ್ರೇಕ್ ಬಿಟ್ಟ ಮೇಲೂ ಒಂದೇ ಚಕ್ರ ಹಿಡಿದುಕೊಂಡಿರುತ್ತದೆ. ಇದೂ ಮಾಸ್ಟರ್ ಸಿಲಿಂಡರೇನಾ?

ಗ್ರೀಸ್_ಗನ್
ಒಂದೇ ಚಕ್ರ ಅಂದರೆ ಮಾಸ್ಟರ್ ಅಲ್ಲ. ಹಿಡಿದುಕೊಂಡಾಗ ಆ ಚಕ್ರದ ಗಾಳಿ ತೆಗೆಯುವ ನಿಪ್ಪಲ್ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಹೋಸ್ ಒಳಗೆ ಊದಿ ಮುಚ್ಚಿದೆ. ಬಿಟ್ಟುಕೊಳ್ಳದಿದ್ದರೆ ಪಿಸ್ಟನ್ ಜಾಮ್, ಇಲ್ಲವೇ ಶೂ ಸ್ಪ್ರಿಂಗ್ ಹೋಗಿದೆ. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಈಗಲೇ ಗಲಾಟೆ ಜಾಸ್ತಿಯಾಗಿದೆ.